ಎಲ್ವಿಸ್ ಬಗ್ಗೆ ಮೊದಲು ಬರೆದವರು ಯಾರು, ಬರೆದದ್ದೇನು

ಅಮೆರಿಕದ ರಾಕ್ ಅಂಡ್ ರೋಲ್ ಗಾಯಕ ಎಲ್ವಿಸ್ ಪ್ರೆಸ್ಲಿ ಬಗ್ಗೆ ಮಾತು ಬಂದರೆ ಸಾಕು, ಒಂದು ಸಿದ್ಧ ಕಥೆ ಹೊರಬರುತ್ತದೆ. ಪತ್ರಿಕೆಗಳು ಮೊದಮೊದಲು ಅವನನ್ನು ಬಾಯಿಗೆ ಬಂದಂತೆ ಬೈದವಂತೆ, ಜನ ಮುಗಿಬಿದ್ದ ಮೇಲೆ ವಿಧಿಯಿಲ್ಲದೆ ಹೊಗಳಿದವಂತೆ. ಆ ಕಾಲದ ಸಂಚಿಕೆಗಳನ್ನು ತಾರೀಕಿನ ಪ್ರಕಾರ ಒಂದರ ಪಕ್ಕ ಒಂದಿಟ್ಟು ಓದಿ. ಮೊದಲು ಬಂದದ್ದು ಹೊಗಳಿಕೆ. ಬೈಗುಳ ಬಂದದ್ದು ಸುಮಾರು 20 ತಿಂಗಳ ನಂತರ, ಅದೂ ಬೇರೆ ಜಾತಿಯ ಪತ್ರಿಕೆಗಳಲ್ಲಿ. ಹೊಗಳಿದ್ದು ಸಂಗೀತ ವ್ಯಾಪಾರದ ಪತ್ರಿಕೆ, ಬೈದದ್ದು ದೇಶವೆಲ್ಲ ಓದುವ ದೊಡ್ಡ ಪತ್ರಿಕೆಗಳು. ಈ ಎರಡು ಜಾತಿಗಳನ್ನು ಬೇರೆ ಮಾಡದೆ "ಅಂದಿನ ಮಾಧ್ಯಮ" ಎಂದು ಒಂದೇ ಗಂಟು ಕಟ್ಟುವುದೇ ಎಲ್ಲ ತಪ್ಪಿಗೂ ಮೂಲ.

ಮೊದಲು ತಾರೀಕುಗಳು. 1954ರ ಜುಲೈ 5ರಂದು ಮೆಂಫಿಸ್ ನಗರದ 706 ಯೂನಿಯನ್ ಅವೆನ್ಯೂ ವಿಳಾಸದ ಪುಟ್ಟ ಸ್ಟುಡಿಯೊದಲ್ಲಿ ಎಲ್ವಿಸ್, ಗಿಟಾರಿಸ್ಟ್ ಸ್ಕಾಟಿ ಮೂರ್, ಬಾಸ್ ನುಡಿಸುವ ಬಿಲ್ ಬ್ಲ್ಯಾಕ್ ಮೂವರೂ ಸೇರಿ "ದಟ್ಸ್ ಆಲ್ ರೈಟ್" ಹಾಡಿದರು. ಅದು ಕಪ್ಪು ಗಾಯಕ ಆರ್ಥರ್ ಕ್ರಡಪ್‌ನ ಬ್ಲೂಸ್ ಹಾಡು, ಅಂದರೆ ಕಪ್ಪು ಜನರ ಸಂಗೀತದ್ದು. ರೆಕಾರ್ಡಿನ ಇನ್ನೊಂದು ಮುಖಕ್ಕೆ ಹಾಕಿದ "ಬ್ಲೂ ಮೂನ್ ಆಫ್ ಕೆಂಟಕಿ" ಬಿಲ್ ಮನ್ರೊನ ಬ್ಲೂಗ್ರಾಸ್ ಹಾಡು, ಅಂದರೆ ಬಿಳಿಯರ ಹಳ್ಳಿಗಾಡಿನ ಕಂಟ್ರಿ ಸಂಗೀತದ್ದು. ಸ್ಯಾಮ್ ಫಿಲಿಪ್ಸ್‌ರ ಸನ್ ಕಂಪನಿ ಇದನ್ನು 209ನೇ ನಂಬರಿನ ರೆಕಾರ್ಡಾಗಿ ಜುಲೈ 19ಕ್ಕೆ ಬಿಟ್ಟಿತು. ಜುಲೈ 28ರ ಮೆಂಫಿಸ್ ಪ್ರೆಸ್-ಸಿಮಿಟರ್ ಪತ್ರಿಕೆಯಲ್ಲಿ ಎಡ್ವಿನ್ ಹೋವರ್ಡ್ ತಮ್ಮ ಅಂಕಣದಲ್ಲಿ ಹುಡುಗನ ಬಗ್ಗೆ ಬರೆದರು. ಅದರಲ್ಲಿ ಸನ್ ಕಂಪನಿಯ ಮೇರಿಯನ್ ಕೀಸ್ಕರ್ ಹೇಳಿದ ಒಂದು ಮಾತಿದೆ: ರೆಕಾರ್ಡಿನ ಎರಡೂ ಮುಖ ಪಾಪ್, ಕಂಟ್ರಿ, ಕಪ್ಪು ಜನರ ಸಂಗೀತ ಈ ಮೂರೂ ಬಗೆಯ ರೇಡಿಯೊ ಕಾರ್ಯಕ್ರಮಗಳಲ್ಲಿ ಒಂದೇ ಸಮ ಓಡುತ್ತಿವೆ, ಅದೇ ವಿಚಿತ್ರ. ಮುಂದಿನ ಎರಡು ವರ್ಷ ದೊಡ್ಡ ಪತ್ರಿಕೆಗಳು ಬರೆದ ಎಷ್ಟೋ ಪುಟಗಳಿಗಿಂತ ಈ ಒಂದು ವಾಕ್ಯದಲ್ಲಿ ತಿಳಿವಳಿಕೆ ಹೆಚ್ಚು. ಅದೇ ವಾರ, ಜುಲೈ 30ರ ಓವರ್ಟನ್ ಪಾರ್ಕ್ ಕಾರ್ಯಕ್ರಮದ ಜಾಹೀರಾತಿನಲ್ಲಿ ಅವನ ಹೆಸರು "ಎಲ್ಲಿಸ್" ಎಂದು ಅಚ್ಚಾಗಿದೆ. ಹಳೆಯ ಪತ್ರಿಕೆ ಹುಡುಕುವವರು ಇದನ್ನು ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ಸಂಗೀತ ವ್ಯಾಪಾರದ ವಾರಪತ್ರಿಕೆ ಬಿಲ್‌ಬೋರ್ಡ್. 1954ರ ಆಗಸ್ಟ್ 7ರ ಸಂಚಿಕೆ. ರೆಕಾರ್ಡು ಅಂಗಡಿಗೆ ಬಂದು ಮೂರು ವಾರವೂ ಆಗಿಲ್ಲ. ವಿಮರ್ಶೆಯ ಪುಟದಲ್ಲಿ ವಿಶೇಷ ಗಮನಕ್ಕೆಂದು ಆರಿಸಿದ ಜಾಗದಲ್ಲಿ ನಾಲ್ಕಾರು ಸಾಲು. ಸಾರಾಂಶ ಇಷ್ಟು: ಈ ಹೊಸ ಹಾಡುಗಾರನಿಗೆ ಕಸುವಿದೆ, ಕಂಟ್ರಿ ಮಾರುಕಟ್ಟೆಗೂ ಕಪ್ಪು ಜನರ ರಿದಮ್ ಅಂಡ್ ಬ್ಲೂಸ್ ಮಾರುಕಟ್ಟೆಗೂ ಹಾಡನ್ನು ದಾಟಿಸಬಲ್ಲ, ಒಂದು ಮುಖದಲ್ಲಿ ಅದು, ಇನ್ನೊಂದರಲ್ಲಿ ಇದು, ಎರಡೂ ಗಟ್ಟಿ. ಅವನ ಕೂದಲು, ಸೊಂಟ, ಅಮ್ಮ, ಯಾವುದರ ಪ್ರಸ್ತಾಪವೂ ಇಲ್ಲ.

ಈ ಒಣ ಭಾಷೆಯ ಕಾರಣ ತಿಳಿಯಬೇಕಾದರೆ ಬಿಲ್‌ಬೋರ್ಡನ್ನು ಯಾರು ಓದುತ್ತಿದ್ದರು ಎಂದು ನೋಡಬೇಕು. ಅಂಗಡಿಯವರು, ವಿತರಕರು, ಜೂಕ್‌ಬಾಕ್ಸ್ (ಕಾಸು ಹಾಕಿದರೆ ಹಾಡುವ ಯಂತ್ರ) ಇಟ್ಟವರು, ರೇಡಿಯೊದ ಡಿಸ್ಕ್ ಜಾಕಿಗಳು. ಎಪಿಎಂಸಿಯ ದರಪಟ್ಟಿಯನ್ನು ರೈತ ಓದುವ ಹಾಗೆ ಅವರು ಆ ಪುಟಗಳನ್ನು ಓದುತ್ತಿದ್ದರು. ಯಾವ ಮಾಲು ಯಾವ ಊರಿನಲ್ಲಿ ಎಷ್ಟು ಓಡಬಹುದು, ಎಷ್ಟು ತರಿಸಬೇಕು, ಇಷ್ಟೇ ಪ್ರಶ್ನೆ. ಹಾಗಾಗಿ ವಿಮರ್ಶಕ ಸುಳ್ಳು ಹೊಗಳಿದರೆ ಮುಂದಿನ ವಾರವೇ ಸಿಕ್ಕಿಬೀಳುತ್ತಿದ್ದ. ಸನ್‌ನಂಥ ಸಣ್ಣ ಕಂಪನಿಗೆ ದೇಶವ್ಯಾಪಿ ಮಾರಾಟ ಜಾಲ ಇರಲಿಲ್ಲ. ದೂರದ ಊರಿನ ವಿತರಕ ಒಂದು ಪೆಟ್ಟಿಗೆ ರೆಕಾರ್ಡು ತರಿಸಲು ಧೈರ್ಯ ಮಾಡಬೇಕಾದರೆ ಇಂಥ ನಾಲ್ಕು ಸಾಲು ಬೇಕಿತ್ತು. ಬಿಲ್‌ಬೋರ್ಡಿನ ಸಂಗೀತ ಸಂಪಾದಕ ಪಾಲ್ ಆಕರ್ಮನ್‌ಗೆ ಕಂಟ್ರಿಯೂ ಬ್ಲೂಸೂ ಇಷ್ಟ, ಎರಡರ ಗುಣವೂ ಗೊತ್ತು. ನ್ಯೂಯಾರ್ಕಿನ ಉಳಿದ ಪತ್ರಕರ್ತರಿಗೆ ಇಲ್ಲದಿದ್ದ ಅನುಕೂಲ ಅದು.

ಅಲ್ಲಿಂದ ಏರಿಕೆಯನ್ನು ಬಿಲ್‌ಬೋರ್ಡಿನಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಕಾಣಬಹುದು. ಆಗಸ್ಟ್ ಕೊನೆಗೆ ಮೆಂಫಿಸ್ ಪ್ರಾಂತ್ಯದಲ್ಲಿ ಹೆಚ್ಚು ಓಡುವ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಹೆಸರು. ನವೆಂಬರಿನಲ್ಲಿ ಡಿಸ್ಕ್ ಜಾಕಿಗಳ ಮತದಾನ, ಭರವಸೆಯ ಹೊಸ ಕಂಟ್ರಿ ಗಾಯಕರಲ್ಲಿ ಎಂಟನೇ ಸ್ಥಾನ. 1955ರ ಜುಲೈಯಲ್ಲಿ "ಬೇಬಿ ಲೆಟ್ಸ್ ಪ್ಲೇ ಹೌಸ್" ಮೂಲಕ ಮೊದಲ ಸಲ ರಾಷ್ಟ್ರೀಯ ಕಂಟ್ರಿ ಪಟ್ಟಿಗೆ. ಅದೇ ವರ್ಷದ ನವೆಂಬರಿನ ಮತದಾನದಲ್ಲಿ ಒಂದನೇ ಸ್ಥಾನ. ಎಂಟರಿಂದ ಒಂದಕ್ಕೆ ಒಂದು ವರ್ಷ. ನವೆಂಬರ್ 21ಕ್ಕೆ ಆರ್‌ಸಿಎ ವಿಕ್ಟರ್ ಕಂಪನಿ ಸನ್‌ಗೆ 35,000 ಡಾಲರ್, ಬಾಕಿ ರಾಯಲ್ಟಿ ಲೆಕ್ಕಕ್ಕೆ ಎಲ್ವಿಸ್‌ಗೆ 5,000 ಡಾಲರ್ ಕೊಟ್ಟು ಅವನ ಒಪ್ಪಂದವನ್ನು ಕೊಂಡುಕೊಂಡಿತು. ಡಿಸೆಂಬರ್ 3ರ ಸಂಚಿಕೆಯಲ್ಲಿ ಆ ವ್ಯವಹಾರದ ಸುದ್ದಿಯೂ ಇದೆ, ಆರ್‌ಸಿಎಯ ಪೂರ್ಣಪುಟ ಜಾಹೀರಾತೂ ಇದೆ. ಲೈಫ್, ಟೈಮ್, ನ್ಯೂಸ್‌ವೀಕ್ ಪತ್ರಿಕೆಗಳ ಓದುಗರ ಮಟ್ಟಿಗೆ ಮಾತ್ರ ಇಲ್ಲಿಯವರೆಗೂ ಎಲ್ವಿಸ್ ಎಂಬ ಮನುಷ್ಯ ಇರಲೇ ಇಲ್ಲ.

ಎರಡರ ನಡುವೆ ಮೂರನೆಯ ಬಗೆಯೊಂದಿತ್ತು, ಹಾಡಿನ ಸಾಹಿತ್ಯ ಅಚ್ಚು ಹಾಕುವ ಅಗ್ಗದ ಪತ್ರಿಕೆಗಳು. ಕನೆಕ್ಟಿಕಟ್ ರಾಜ್ಯದ ಡರ್ಬಿ ಊರಿನ ಚಾರ್ಲ್ಟನ್ ಪ್ರಕಾಶನ ತರುತ್ತಿದ್ದ ಕಂಟ್ರಿ ಸಾಂಗ್ ರೌಂಡಪ್ 1955ರ ಸೆಪ್ಟೆಂಬರ್ ಸಂಚಿಕೆಯಲ್ಲಿ "ಫೋಕ್ ಮ್ಯೂಸಿಕ್ ಫೈರ್‌ಬಾಲ್" ಎಂದು ಎಲ್ವಿಸ್ ಮೇಲೆ ಲೇಖನ ಹಾಕಿತು. ಹುಟ್ಟಿದ ಊರು, ಮೊದಲ ರೆಕಾರ್ಡು, ಮುಂದಿನ ಭವಿಷ್ಯ, ಎಲ್ಲ ಸಿಹಿ. ಧಾಟಿ ನೋಡಿದರೆ ಪ್ರಚಾರದವರು ಕೊಟ್ಟ ಹಾಳೆಯನ್ನು ಬಿಡಿಸಿ ಬರೆದಂತಿದೆ. ಆದರೂ ಇದನ್ನು ತಳ್ಳಿಹಾಕಬೇಡಿ. ದಕ್ಷಿಣದ ರಾಜ್ಯಗಳ ಹುಡುಗ ಹುಡುಗಿಯರು ಕೈಯಲ್ಲಿ ಹಿಡಿದು ಓದಿದ್ದು ಇದನ್ನೇ ಹೊರತು ಬಿಲ್‌ಬೋರ್ಡನ್ನಲ್ಲ. ಇಂಥ ಮಾಸಿಕಗಳ ಲೇಖನ ಮುಖಪುಟದ ತಿಂಗಳಿಗಿಂತ ಎಷ್ಟೋ ವಾರ ಮೊದಲೇ ಸಿದ್ಧವಾಗಿರುತ್ತದೆ. ಸೆಪ್ಟೆಂಬರ್ ಎಂದು ಅಚ್ಚಾಗಿದ್ದರೆ ಒಳಗಿರುವುದು ಬೇಸಿಗೆಯ ಸಂಗತಿ ಎಂದು ಲೆಕ್ಕ ಹಿಡಿಯಿರಿ.

ದೊಡ್ಡ ಪತ್ರಿಕೆಗಳು ಎಚ್ಚೆತ್ತದ್ದು ಟೆಲಿವಿಷನ್‌ನಿಂದ. 1956ರ ಜನವರಿ 28ರಂದು ಸಿಬಿಎಸ್‌ನ ಸ್ಟೇಜ್ ಷೋದಲ್ಲಿ ಎಲ್ವಿಸ್ ಮೊದಲ ಸಲ ದೇಶಕ್ಕೆಲ್ಲ ಕಾಣಿಸಿಕೊಂಡ, ಒಟ್ಟು ಆರು ಸಲ. ಅವನ ಹಾಡು "ಹಾರ್ಟ್‌ಬ್ರೇಕ್ ಹೋಟೆಲ್" ಪಟ್ಟಿಗಳ ತುದಿಗೆ ಏರುತ್ತಿದ್ದಾಗ ಏಪ್ರಿಲ್ 30ರ ಲೈಫ್‌ನಲ್ಲಿ "ಎ ಹೌಲಿಂಗ್ ಹಿಲ್‌ಬಿಲ್ಲಿ ಸಕ್ಸೆಸ್" ಬಂತು. ಎರಡು ವಾರಕ್ಕೆ ಮೇ 14ರ ನ್ಯೂಸ್‌ವೀಕ್‌ನಲ್ಲಿ "ಹಿಲ್‌ಬಿಲ್ಲಿ ಆನ್ ಎ ಪೆಡೆಸ್ಟಲ್", ಅದೇ ತಾರೀಕಿನ ಟೈಮ್‌ನಲ್ಲಿ ಇನ್ನೊಂದು. ಮೂರರಲ್ಲಿ ಎರಡು ತಲೆಬರಹ ಅವನನ್ನು ಗುಡ್ಡಗಾಡಿನ ಗಮಾರ ಎಂದೇ ಕರೆದಿವೆ. ಆ ಹೊತ್ತಿಗೆ ಅವನು ಲಾಸ್ ವೇಗಸ್‌ನ ನ್ಯೂ ಫ್ರಾಂಟಿಯರ್ ಹೋಟೆಲಿನಲ್ಲಿ ಎರಡು ವಾರ ಹಾಡಿದ್ದ. ನಡುವಯಸ್ಸಿನ ಜೂಜುಗಾರರ ಮುಂದೆ ಆ ಪ್ರದರ್ಶನ ಕಳೆಗಟ್ಟಲಿಲ್ಲ. ಷಾಂಪೇನ್ ಪಾರ್ಟಿಗೆ ಜೋಳದ ಸಾರಾಯಿ ಜಾಡಿ ತಂದಿಟ್ಟ ಹಾಗಾಯಿತು ಎಂದಿತು ನ್ಯೂಸ್‌ವೀಕ್. ಮಾತೇನೋ ಚುರುಕಾಗಿದೆ. ಆದರೆ ಅವನ ಸ್ವಂತ ಪ್ರೇಕ್ಷಕರು ಒಬ್ಬರೂ ಇಲ್ಲದ ಜಾಗದಲ್ಲಿ ಅವನನ್ನು ಅಳೆಯುವುದು ಯಾವ ನ್ಯಾಯ? ಅಲ್ಲಿನ ವಾದ್ಯವೃಂದ, ಊಟದ ಮೇಜು, ತಟ್ಟೆಯ ಸದ್ದು, ಇವೆಲ್ಲ ಲೆಕ್ಕಕ್ಕೇ ಬರಲಿಲ್ಲ.

ಜೂನ್ 5ರಂದು ಮಿಲ್ಟನ್ ಬರ್ಲ್ ಟಿವಿ ಷೋದಲ್ಲಿ ಸೊಂಟ ಕುಣಿಸುತ್ತ "ಹೌಂಡ್ ಡಾಗ್" ಹಾಡಿದ ಮೇಲೆ ಬೈಗುಳದ ಸುಗ್ಗಿ ಶುರು. ಮರುದಿನವೇ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಜ್ಯಾಕ್ ಗೌಲ್ಡ್, ಇವನಿಗೆ ಗುರುತಿಸುವಂಥ ಹಾಡುಗಾರಿಕೆಯೇ ಇಲ್ಲ ಎಂದು ತೀರ್ಪು ಕೊಟ್ಟರು. ಜೂನ್ 23ಕ್ಕೆ ಜೆಸ್ಯೂಟ್ ಪಾದ್ರಿಗಳ ವಾರಪತ್ರಿಕೆ ಅಮೆರಿಕ "ಬಿವೇರ್ ಎಲ್ವಿಸ್ ಪ್ರೆಸ್ಲಿ" ಎಂದು ಎಚ್ಚರಿಸಿತು. ಈ ಬರಹಗಳ ನಿಜವಾದ ಕೊರತೆ ಬೈದದ್ದರಲ್ಲಿಲ್ಲ, ಬೈಯುವುದು ವಿಮರ್ಶಕನ ಹಕ್ಕು. ಹಾಡು ಎಲ್ಲಿಂದ ಬಂತು, ಯಾರು ಮೊದಲು ಹಾಡಿದ್ದರು ಎಂದು ಹಾಡಿದವನನ್ನು ಕೇಳಬೇಕೆಂದು ಇವರಿಗೆ ಅನಿಸಲೇ ಇಲ್ಲ. ಕೇಳಿದ್ದು ಒಂದು ಊರಿನ ಪತ್ರಿಕೆ. ಜೂನ್ ಕೊನೆಯ ವಾರ ಷಾರ್ಲಟ್ ಅಬ್ಸರ್ವರ್‌ನ ಕೇಸ್ ಗ್ಯಾರಿ ಜೊತೆ ಮಾತಾಡುತ್ತ ಎಲ್ವಿಸ್, ಕಪ್ಪು ಜನ ಇದನ್ನು ಎಷ್ಟೋ ವರ್ಷದಿಂದ ನನ್ನ ಹಾಗೇ ಹಾಡಿಕೊಂಡು ಬಂದಿದ್ದಾರೆ, ಆರ್ಥರ್ ಕ್ರಡಪ್ ಹಾಡುವುದನ್ನು ಕೇಳಿದ್ದೇನೆ ಎಂದು ಬಾಯಿಬಿಟ್ಟು ಹೇಳಿದ. ಆಗ ಇಡೀ ದೇಶ ಓದಬೇಕಿದ್ದ ಮಾತು ಅದು.

ಆಗಸ್ಟ್ 27ರ ಲೈಫ್ ಚಿತ್ರಲೇಖನ ಮಾತ್ರ ಬೇರೆ ತರಹದ್ದು. ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ ನ್ಯಾಯಾಧೀಶ ಮೇರಿಯನ್ ಗುಡಿಂಗ್, ಮೈ ಕುಲುಕಿದರೆ ಜೋಕೆ ಎಂದು ತಾಕೀತು ಮಾಡಿದ್ದರು. ಎಲ್ವಿಸ್ ವೇದಿಕೆಯಲ್ಲಿ ನಿಂತು ಕಿರುಬೆರಳು ಮಾತ್ರ ಕುಣಿಸಿದ. ಸಭೆ ಕಿರುಚಿತು. ಚರ್ಚಿನಲ್ಲಿ ಪಾದ್ರಿ ಅವನ ಪೋಸ್ಟರ್ ಹಿಡಿದು ಬೋಧಿಸುತ್ತಿರುವ ಚಿತ್ರವೂ ಅಲ್ಲಿದೆ. ಏಪ್ರಿಲ್‌ನ ಲೈಫ್ ನಕ್ಕಿತ್ತು, ಆಗಸ್ಟ್‌ನ ಲೈಫ್ ಸುತ್ತಲಿನವರ ಮುಖ ನೋಡಿತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ.

ಟಿವಿ ಕಾರ್ಯಕ್ರಮಗಳ ವಾರಪತ್ರಿಕೆ ಟಿವಿ ಗೈಡ್ ವಿಷಯ ಇನ್ನೂ ಸ್ವಾರಸ್ಯ. ಆಗಸ್ಟ್ 6ರಂದು ಫ್ಲಾರಿಡಾದ ಲೇಕ್‌ಲ್ಯಾಂಡ್ ಊರಿನ ಪೋಕ್ ಥಿಯೇಟರಿನಲ್ಲಿ ಪಾಲ್ ವೈಲ್ಡರ್ ಟೇಪ್ ಹಚ್ಚಿಕೊಂಡು ಎಲ್ವಿಸ್‌ನನ್ನು ಮಾತಾಡಿಸಿದರು. ಮಯಾಮಿಯ ಅಂಕಣಕಾರರೊಬ್ಬರ ಟೀಕೆಯನ್ನು ಅವನೆದುರೇ ಓದಿದರು. ತನ್ನ ಅಭಿಮಾನಿಗಳನ್ನು ಹಳಿದದ್ದಕ್ಕೆ ಅವನು ಕೆರಳಿದ. ಇದು ಮೂರು ಕಂತಿನಲ್ಲಿ ಅಚ್ಚಾಯಿತು. ಎಲ್ವಿಸ್ ಮುಖಪುಟದ ಸಂಚಿಕೆ ಸೆಪ್ಟೆಂಬರ್ 8ರಿಂದ 14ರ ವಾರದ್ದು, ಎಡ್ ಸಲಿವನ್ ಟಿವಿ ಷೋದಲ್ಲಿ ಅವನ ಮೊದಲ ಕಾರ್ಯಕ್ರಮ ಸೆಪ್ಟೆಂಬರ್ 9ಕ್ಕೆ. ಇದು ಕಾಕತಾಳೀಯ ಅಲ್ಲ ಎಂದು ಹೇಳಬೇಕಿಲ್ಲ. ಆ ಟೇಪಿನ ತುಣುಕುಗಳನ್ನು 45 ಆರ್‌ಪಿಎಂ ರೆಕಾರ್ಡಿಗೆ ಹಾಕಿ ರೇಡಿಯೊ ಕೇಂದ್ರಗಳಿಗೂ ಕಳಿಸಿದರು. ಜೊತೆಗೆ ಪ್ರಶ್ನೆಗಳ ಹಾಳೆ. ಊರಿನ ನಿರೂಪಕ ಪ್ರಶ್ನೆ ಓದಿ ಸೂಜಿ ಇಟ್ಟರೆ ಎಲ್ವಿಸ್ ಅವನಿಗೇ ಉತ್ತರ ಕೊಟ್ಟ ಹಾಗೆ ಕೇಳುತ್ತದೆ. "ನಮ್ಮ ಕೇಂದ್ರಕ್ಕೆ ಸಂದರ್ಶನ ಕೊಟ್ಟಿದ್ದ" ಎನ್ನುವ ಹಳೆಯ ಧ್ವನಿಮುದ್ರಣ ಸಿಕ್ಕರೆ ಮೊದಲು ಇದನ್ನು ಅನುಮಾನಿಸಿ.

ವರ್ಷದ ಕೊನೆಗೆ ಎಲ್ವಿಸ್ ಒಂದು ಉದ್ಯಮವಾಗಿದ್ದ. ನವೆಂಬರ್ 13ರ ಲುಕ್ ಪತ್ರಿಕೆ ಅದನ್ನೇ ತಲೆಬರಹ ಮಾಡಿತು. ಒಂದೇ ಸಂಚಿಕೆಯ ವಿಶೇಷ ಪತ್ರಿಕೆಗಳು ಸಾಲುಗಟ್ಟಿದವು, ಒಂದರಲ್ಲಂತೂ "ದ ಟ್ರೂತ್ ಅಬೌಟ್ ಮಿ" ಎಂಬ ರಟ್ಟಿನ ರೆಕಾರ್ಡನ್ನು ಮುಖಪುಟಕ್ಕೇ ಅಂಟಿಸಿದ್ದರು. ಇವುಗಳಲ್ಲಿ ಅವನು ಅಮ್ಮನ ಮುದ್ದಿನ ಮಗ, ಕುಡಿಯುವುದಿಲ್ಲ, ಚರ್ಚಿಗೆ ಹೋಗುತ್ತಾನೆ. ಬೈದ ಪತ್ರಿಕೆಗಳಿಗೆ ಕೊಟ್ಟ ಉತ್ತರ ಇದು, ಅಷ್ಟೇ ಏಕಮುಖ.

ಈಗ ಹುಡುಕುವವರಿಗೆ. ಬಿಲ್‌ಬೋರ್ಡ್ ಮತ್ತು ಲೈಫ್ ಹಳೆಯ ಸಂಚಿಕೆಗಳು ಗೂಗಲ್ ಬುಕ್ಸ್‌ನಲ್ಲಿ ಪುಟಪುಟವಾಗಿ ಸಿಗುತ್ತವೆ. ಬಿಲ್‌ಬೋರ್ಡ್, ಅದರಂಥದೇ ವ್ಯಾಪಾರದ ಪತ್ರಿಕೆ ಕ್ಯಾಶ್ ಬಾಕ್ಸ್, ಎರಡೂ ವರ್ಲ್ಡ್ ರೇಡಿಯೊ ಹಿಸ್ಟರಿ ತಾಣದಲ್ಲಿವೆ. ಹೆಸರು ಟೈಪಿಸಿ ಹುಡುಕಿದರೆ ಅರ್ಧಕ್ಕರ್ಧ ತಪ್ಪಿಹೋಗುತ್ತದೆ. ಕಿರಿದಾದ ಕಾಲಂನಲ್ಲಿ ಹೆಸರು ಎರಡು ಸಾಲಿಗೆ ಒಡೆದಿರುತ್ತದೆ, ಮಸಿ ಹರಡಿದ ಅಕ್ಷರವನ್ನು ಯಂತ್ರ ತಪ್ಪಾಗಿ ಓದುತ್ತದೆ, ಇಲ್ಲವೇ ಆಗಲೇ ಹೇಳಿದಂತೆ ಹೆಸರೇ ತಪ್ಪಾಗಿ ಅಚ್ಚಾಗಿರುತ್ತದೆ. ಹೆಸರಿನ ಬದಲು ಹಾಡಿನ ಸಾಲು, ರೆಕಾರ್ಡಿನ ನಂಬರು ಹಾಕಿ. ಅದೂ ಸಾಲದಿದ್ದರೆ ಆ ವಾರದ ವಿಮರ್ಶೆಯ ಪುಟ ಮತ್ತು ಬಿಲ್ ಸ್ಯಾಕ್ಸ್ ಬರೆಯುತ್ತಿದ್ದ "ಫೋಕ್ ಟ್ಯಾಲೆಂಟ್ ಅಂಡ್ ಟ್ಯೂನ್ಸ್" ಅಂಕಣವನ್ನು ಕಣ್ಣಲ್ಲೇ ಓದಿ. ಇಲ್ಲಿ ಫೋಕ್ ಎಂದರೆ ಕಂಟ್ರಿ, ನಮ್ಮ ಜಾನಪದವಲ್ಲ. ಸಂಚಿಕೆಯ ತಾರೀಕನ್ನು ಘಟನೆಯ ತಾರೀಕು ಎಂದು ಬರೆದುಕೊಳ್ಳಬೇಡಿ. ಪಟ್ಟಿಗಳಿಗೆ ಲೆಕ್ಕ ಹಿಡಿಯುವ ವಾರ ಅದಕ್ಕೂ ಹಿಂದಿನದು.

ಹಳೆಯ ಪ್ರತಿ ಕೊಳ್ಳುವವರು ಅಳತೆ ನೋಡಿ. ನಿಜವಾದ ಲೈಫ್ ಸುಮಾರು 14 ಇಂಚು ಎತ್ತರ, ಆಗಿನ ಬೆಲೆ 20 ಸೆಂಟ್. ಟಿವಿ ಗೈಡ್ 15 ಸೆಂಟಿನ ಪುಟ್ಟ ಪುಸ್ತಕ, ಒಳಗಿನ ಕಾರ್ಯಕ್ರಮ ಪಟ್ಟಿ ಊರಿಂದೂರಿಗೆ ಬೇರೆ. ಎರಡು ಪ್ರತಿಗಳ ಒಳಪುಟ ಹೊಂದದಿದ್ದರೆ ಒಂದು ನಕಲಿ ಎಂದು ತೀರ್ಮಾನಿಸಬೇಡಿ.

ಚಿತ್ರಗಳದ್ದು ಇನ್ನೊಂದು ಗೋಜಲು. ಆಲ್ಫ್ರೆಡ್ ವರ್ಟ್‌ಹೈಮರ್ 1956ರಲ್ಲಿ ಇದ್ದ ಬೆಳಕಿನಲ್ಲೇ ತೆಗೆದ ಕಪ್ಪುಬಿಳುಪು ಚಿತ್ರಗಳನ್ನು, ರಿಚ್ಮಂಡ್‌ನ ರಂಗಮಂದಿರದ ಮೆಟ್ಟಿಲ ಬಳಿಯ ಮುತ್ತಿನ ಚಿತ್ರವೂ ಸೇರಿ, ಆಗಿನ ಪತ್ರಿಕೆಗಳಲ್ಲಿ ಬಂದವು ಎಂದು ಅಡಿಬರಹ ಹಾಕುವವರಿದ್ದಾರೆ. ಅವನ್ನು ತೆಗೆಸಿದ್ದು ಆರ್‌ಸಿಎ ಪ್ರಚಾರ ವಿಭಾಗ. ಅವುಗಳಿಗೆ ನಿಜವಾದ ಬೇಡಿಕೆ ಬಂದದ್ದು 1977ರಲ್ಲಿ ಎಲ್ವಿಸ್ ಸತ್ತ ಮೇಲೆ. ಮೊದಲ ಎಲ್‌ಪಿ ಹೊದಿಕೆಯ, ಬಾಯ್ತೆರೆದು ಗಿಟಾರ್ ಹಿಡಿದ ಚಿತ್ರ 1956ರದ್ದಲ್ಲ, 1955ರ ಜುಲೈ 31ರಂದು ಟ್ಯಾಂಪಾದಲ್ಲಿ ತೆಗೆದದ್ದು. ಸಲಿವನ್ ಷೋ ಕ್ಯಾಮರಾ ಸೊಂಟದ ಮೇಲಷ್ಟೇ ತೋರಿಸಿದ್ದು ಮೂರನೇ ಸಲ, 1957ರ ಜನವರಿ 6ಕ್ಕೆ.

ಇಷ್ಟರಲ್ಲಿ ಒಂದೇ ಒಂದು ಬರಹ ಉಳಿಸಿಕೊಳ್ಳಿ ಎಂದರೆ ನನ್ನ ಆಯ್ಕೆ ಲೈಫ್ ಅಲ್ಲ, ಬಿಲ್‌ಬೋರ್ಡೂ ಅಲ್ಲ. ಕಪ್ಪು ಓದುಗರ ವಾರಪತ್ರಿಕೆ ಜೆಟ್, 1957ರ ಆಗಸ್ಟ್ 1. ಕಪ್ಪು ಜನರನ್ನು ಹೀನಾಯವಾಗಿ ಕಾಣುವ ಮಾತೊಂದನ್ನು ಎಲ್ವಿಸ್ ಆಡಿದ ಎಂಬ ಗಾಳಿಸುದ್ದಿ ಆಗ ಎಲ್ಲೆಡೆ ಹಬ್ಬಿತ್ತು. ಜೆಟ್‌ನ ಲೂಯಿ ರಾಬಿನ್‌ಸನ್ ಮಾಡಿದ ಕೆಲಸ ಸರಳ. ಎಲ್ಲಿ ಆಡಿದ ಎಂದು ಹಿಂಬಾಲಿಸಿದರು. ಬಾಸ್ಟನ್‌ನಲ್ಲಿ ಎಂದರು ಕೆಲವರು, ಅವನು ಅಲ್ಲಿಗೆ ಹೋಗಿರಲೇ ಇಲ್ಲ. ಎಡ್ವರ್ಡ್ ಮರೋ ಅವರ ಟಿವಿ ಕಾರ್ಯಕ್ರಮದಲ್ಲಿ ಎಂದರು ಇನ್ನು ಕೆಲವರು, ಅದರಲ್ಲಿ ಅವನು ಕಾಣಿಸಿಕೊಂಡೇ ಇರಲಿಲ್ಲ. ಅವನನ್ನು ಬಲ್ಲ ಕಪ್ಪು ಜನರನ್ನು ವಿಚಾರಿಸಿದರು. ಆಮೇಲೆ "ಜೈಲ್‌ಹೌಸ್ ರಾಕ್" ಚಿತ್ರೀಕರಣದ ಜಾಗಕ್ಕೆ ಹೋಗಿ ಅವನನ್ನೇ ಕೇಳಿದರು. ತಾನು ಹಾಗೆ ಹೇಳಿಲ್ಲ ಎಂದ ಎಲ್ವಿಸ್ ಅಲ್ಲಿಗೇ ನಿಲ್ಲಿಸಲಿಲ್ಲ. ರಾಕ್ ಅಂಡ್ ರೋಲ್ ತನಗಿಂತ ಎಷ್ಟೋ ಮೊದಲೇ ಇತ್ತು, ಕಪ್ಪು ಜನರಂತೆ ಅದನ್ನು ಯಾರೂ ಹಾಡಲಾರರು ಎಂದೂ ಹೇಳಿದ. ಆರೋಪ, ಅದರ ಮೂಲ, ಸಾಕ್ಷಿ, ಆರೋಪಿಯ ಮಾತು, ನಾಲ್ಕೂ ಅಂಗೈಯಗಲದ ಪುಟ್ಟ ಪತ್ರಿಕೆಯ ಕೆಲವೇ ಪುಟಗಳಲ್ಲಿವೆ. ಆ ಗಾಳಿಸುದ್ದಿ ಇವತ್ತಿಗೂ ಓಡಾಡುತ್ತಿದೆ, ಹಂಚಿಕೊಳ್ಳುವವರು ಈ ಸಂಚಿಕೆ ನೋಡಿರುವುದಿಲ್ಲ. ಜೆಟ್‌ನ ಹಳೆಯ ಸಂಚಿಕೆಗಳೂ ಗೂಗಲ್ ಬುಕ್ಸ್‌ನಲ್ಲಿವೆ, ದುಡ್ಡು ಕೊಡಬೇಕಿಲ್ಲ.