ಎಟಿವಿ ವಿಂಚ್‌ಗೆ ಹೊಸ ಹಗ್ಗ ಹಾಕಿಸುವ ಮುನ್ನ

ಮಳೆಗಾಲ ಹತ್ತಿರವಾಗುತ್ತಿದ್ದಂತೆ ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಡೆ ತೋಟದ ಕೆಲಸಕ್ಕೆ ಎಟಿವಿ (ಕಚ್ಚಾ ದಾರಿಯಲ್ಲೂ ಓಡುವ ನಾಲ್ಕು ಚಕ್ರದ ಸಣ್ಣ ಗಾಡಿ) ಇಟ್ಟುಕೊಂಡಿರುವ ಸ್ನೇಹಿತರು ಕೇಳುವ ಪ್ರಶ್ನೆಯೊಂದಿದೆ: ಡ್ರಮ್ಮಿಗೆ ಕೇಬಲ್ ಸುತ್ತಿಕೊಳ್ಳುತ್ತ ಭಾರ ಎಳೆಯುವ ಯಂತ್ರವಾದ ವಿಂಚ್‌ನ ಹಳೆಯ ಸ್ಟೀಲ್ ಕೇಬಲ್ ಸವೆದಿದೆ, ಮತ್ತೆ ಅದನ್ನೇ ಹಾಕಿಸುವುದೋ ಅಥವಾ ಸಿಂಥೆಟಿಕ್ ಹಗ್ಗ ಹಾಕಿಸುವುದೋ? ತೋಟದ ಕೆಲಸಕ್ಕೆ ಸಿಂಥೆಟಿಕ್ ಹಗ್ಗವೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಗಟ್ಟಿ ಎನ್ನುವುದಕ್ಕಿಂತ, ಸುರಿಯುವ ಮಳೆಯಲ್ಲಿ ಕೆಸರಿಗಿಳಿದು ಅದನ್ನು ಹಿಡಿದೆಳೆಯುವವರ ಕೈ ಉಳಿಯುತ್ತದೆ ಎನ್ನುವುದೇ ನನಗೆ ದೊಡ್ಡ ಕಾರಣ.

ಎಟಿವಿಗೆ ಬರುವ ತೆಳು ಸ್ಟೀಲ್ ಕೇಬಲ್ ಸಾಮಾನ್ಯವಾಗಿ ಏಳು ಎಳೆಗಳನ್ನು ಹೊಸೆದು ಮಾಡಿದ್ದು. ಒಂದೊಂದು ಎಳೆಯಲ್ಲೂ 19 ತಂತಿಗಳಿರುತ್ತವೆ. ಅಂದರೆ ಐದು ಮಿಲಿಮೀಟರಿಗಿಂತಲೂ ತುಸು ಕಡಿಮೆ ದಪ್ಪದ ಕೇಬಲಿನೊಳಗೆ ಕೂದಲಿನಂಥ 133 ತಂತಿಗಳು. ಸಣ್ಣ ಡ್ರಮ್ಮಿನ ಮೇಲೆ ಅಡ್ಡಾದಿಡ್ಡಿ ಸುತ್ತಿಕೊಂಡು ಒಂದರ ಮೇಲೊಂದು ಒತ್ತಿದಾಗ ಈ ತಂತಿಗಳು ಒಂದೊಂದಾಗಿ ತುಂಡಾಗಿ ಹೊರಗೆ ಚಾಚಿಕೊಳ್ಳುತ್ತವೆ. ಕೆಸರು ಮೆತ್ತಿದ ಮೇಲೆ ಅವು ಕಣ್ಣಿಗೆ ಬೀಳುವುದಿಲ್ಲ. ಬಟ್ಟೆಯ ಗ್ಲೌಸನ್ನು ದಾಟಿ ನೇರವಾಗಿ ಅಂಗೈಗೆ ಇಳಿಯುತ್ತವೆ. ಹಳೆಯ ಕೇಬಲಿನ ಉದ್ದಕ್ಕೂ ಒಂದು ಹರಕು ಬಟ್ಟೆಯನ್ನು ಸಡಿಲವಾಗಿ ಹಿಡಿದು ಎಳೆದು ನೋಡಿ. ಎಲ್ಲೆಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆಯೋ ಅಲ್ಲೆಲ್ಲ ತಂತಿ ಮುರಿದಿದೆ ಎಂದರ್ಥ. ಒಮ್ಮೆ ಗಂಟುಮಡಿಕೆ ಬಿದ್ದ ಕೇಬಲನ್ನು ಸುತ್ತಿಗೆಯಿಂದ ತಟ್ಟಿ ನೇರಮಾಡುವವರನ್ನು ನೋಡಿದ್ದೇನೆ. ಅದು ನೇರವಾಗಿ ಕಾಣಿಸಬಹುದು, ಆದರೆ ಆ ಜಾಗದಲ್ಲಿ ಹೋದ ಬಲ ಮರಳಿ ಬರುವುದಿಲ್ಲ.

ಸಿಂಥೆಟಿಕ್ ಹಗ್ಗ ಎಂದು ನಾನು ಹೇಳುತ್ತಿರುವುದು ಡೈನೀಮಾ, ಸ್ಪೆಕ್ಟ್ರಾ ಎಂಬ ಹೆಸರುಗಳಲ್ಲಿ ಸಿಗುವ, ಅತಿ ಹೆಚ್ಚು ಅಣುತೂಕದ ಪಾಲಿಎಥಿಲೀನ್ ನೂಲಿನಿಂದ ಹೆಣೆದ ಹಗ್ಗವನ್ನು ಮಾತ್ರ. ಅಂಗಡಿಗಳಲ್ಲಿ ವಿಂಚ್ ರೋಪ್ ಎಂದು ಹೇಳಿ ನೈಲಾನ್ ಅಥವಾ ಪಾಲಿಪ್ರೊಪಿಲೀನ್ ಹಗ್ಗವನ್ನು ಕೈಗಿಡುವುದೂ ಉಂಟು. ನೈಲಾನ್ ಬಹಳ ಹಿಗ್ಗುತ್ತದೆ, ಹಾಗೆ ಹಿಗ್ಗಿದ ಹಗ್ಗ ಹರಿದರೆ ಅಷ್ಟೇ ರಭಸದಿಂದ ಹಿಂದಕ್ಕೆ ಚಿಮ್ಮುತ್ತದೆ. ಪಾಲಿಪ್ರೊಪಿಲೀನಿಗೆ ಈ ಕೆಲಸಕ್ಕೆ ಬೇಕಾದ ಬಲವೇ ಇಲ್ಲ. ನೀರಿನಲ್ಲಿ ತೇಲಿದರೆ ಅಸಲಿ ಡೈನೀಮಾ ಎಂಬ ಮಾತನ್ನು ನಂಬಬೇಡಿ, ದನ ಕಟ್ಟುವ ಪಾಲಿಪ್ರೊಪಿಲೀನ್ ಹಗ್ಗವೂ ತೇಲುತ್ತದೆ. ಯಾವ ನೂಲು, ಎಷ್ಟು ದಪ್ಪ, ಎಷ್ಟು ಭಾರಕ್ಕೆ ಹರಿಯುತ್ತದೆ ಎಂಬ ಮೂರನ್ನೂ ತಯಾರಕರು ಬರೆದು ಕೊಟ್ಟಿದ್ದರೆ ಮಾತ್ರ ಕೊಳ್ಳಿ.

ಲೆಕ್ಕದ ವಿಷಯಕ್ಕೆ ಬಂದರೆ, 2500 ಪೌಂಡಿನ ವಿಂಚ್ ಎಂದರೆ ಸುಮಾರು 1134 ಕೆ.ಜಿ. ಎಳೆತ, 3500 ಪೌಂಡಿನದು ಸುಮಾರು 1588 ಕೆ.ಜಿ. ಇಂಚಿನ ಹದಿನಾರರಲ್ಲಿ ಮೂರು ಭಾಗ (3/16) ದಪ್ಪದ ಹೊಸ ಸ್ಟೀಲ್ ಕೇಬಲ್ ಸುಮಾರು 1900 ಕೆ.ಜಿ.ಗೆ ಹರಿಯುತ್ತದೆ, ಅದೇ ದಪ್ಪದ ಒಳ್ಳೆಯ ಡೈನೀಮಾ ಹಗ್ಗ 2200 ಕೆ.ಜಿ.ಗೂ ಮಿಕ್ಕಿ ತಡೆಯುತ್ತದೆ, ತೂಕವಂತೂ ಸ್ಟೀಲಿನ ಒಂದು ಸಣ್ಣ ಪಾಲು. ವಿಂಚ್‌ನ ಎಳೆತದ ಹತ್ತಿರಹತ್ತಿರ ಎರಡು ಪಟ್ಟು ಬಲ ಹಗ್ಗಕ್ಕಿರಲಿ ಎಂಬುದು ನಾನು ಪಾಲಿಸುವ ಅಳತೆ. ಹಾಗಾಗಿ 3500 ಪೌಂಡಿನ ವಿಂಚ್‌ಗೆ ಕಾಲು ಇಂಚಿನ ಹಗ್ಗ ಬೇಕು. ಇನ್ನೂ ದಪ್ಪದ್ದು ಹಾಕಿದರೆ ಇನ್ನೂ ಒಳ್ಳೆಯದಲ್ಲವೇ ಎಂದರೆ, ಅಲ್ಲ. ಡ್ರಮ್ಮಿನಲ್ಲಿ ಹಿಡಿಸುವ ಉದ್ದ ಕಡಿಮೆಯಾಗುತ್ತದೆ, ಸುತ್ತಿನ ಮೇಲೆ ಸುತ್ತು ಬೇಗ ಏರುತ್ತದೆ. ವಿಂಚ್ ಮೇಲೆ ಬರೆದ ಎಳೆತ ಸಿಗುವುದು ಡ್ರಮ್ಮಿನ ಮೊದಲ ಪದರದಲ್ಲಿ ಮಾತ್ರ. ಪದರ ಏರಿದಷ್ಟೂ ಎಳೆತ ಇಳಿಯುತ್ತದೆ.

ಈ ಹಗ್ಗಕ್ಕೆ ಶತ್ರುಗಳು ಎರಡು, ಬಿಸಿ ಮತ್ತು ಉಜ್ಜಾಟ. ನೂಲು ಕರಗುವುದು 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಾದರೂ ಅದಕ್ಕಿಂತ ಬಹಳ ಮೊದಲೇ ಅದರ ಬಲ ಕುಗ್ಗುತ್ತದೆ. ಎಷ್ಟೋ ವಿಂಚ್‌ಗಳಲ್ಲಿ ಬ್ರೇಕ್ ಇರುವುದು ಡ್ರಮ್ಮಿನ ಒಳಗೇ. ಗಾಡಿಯನ್ನು ಇಳಿಜಾರಿನಲ್ಲಿ ವಿಂಚ್‌ನ ಮೇಲೆಯೇ ನಿಧಾನವಾಗಿ ಇಳಿಬಿಡುವಾಗ ಆ ಬ್ರೇಕ್ ಕಾದು, ಡ್ರಮ್ಮೂ ಕಾದು, ಅದಕ್ಕೆ ಅಂಟಿಕೊಂಡಿರುವ ಮೊದಲ ಪದರ ಯಾರಿಗೂ ಕಾಣದಂತೆ ಹಾಳಾಗುತ್ತದೆ. ಆದ್ದರಿಂದ ಮೊದಲ ಕೆಲವು ಸುತ್ತುಗಳಿಗೆ ಶಾಖ ತಡೆಯುವ ಹೊದಿಕೆಯಿರುವ ಹಗ್ಗವನ್ನೇ ಕೇಳಿ ಪಡೆಯಿರಿ.

ಹಗ್ಗ ಬದಲಿಸಿ, ಅದು ಹಾದುಬರುವ ಬಾಯಿಯನ್ನು, ಅಂದರೆ ಫೇರ್‌ಲೀಡನ್ನು, ಹಾಗೆಯೇ ಬಿಡುವುದನ್ನು ಎಲ್ಲೆಡೆ ನೋಡುತ್ತೇನೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಸ್ಟೀಲ್ ಕೇಬಲ್ ವರ್ಷಗಟ್ಟಲೆ ಉಜ್ಜಿದ ರೋಲರ್‌ಗಳ ಮೇಲೆ ಗೀರುಗಳೂ ಚೂಪಾದ ಅಂಚುಗಳೂ ಎದ್ದಿರುತ್ತವೆ. ಹೊಸ ಹಗ್ಗವನ್ನು ಅವು ಒಂದೇ ಮಳೆಗಾಲದಲ್ಲಿ ಕೊಯ್ದು ಹಾಕುತ್ತವೆ. ರೋಲರ್ ತೆಗೆದು ನುಣುಪಾದ ಅಲ್ಯೂಮಿನಿಯಂ ಫೇರ್‌ಲೀಡ್ ಕೂರಿಸಿ. ಡ್ರಮ್ಮಿನ ಮೇಲೆ ಬೆರಳಾಡಿಸಿ, ಒರಟು ಸಿಕ್ಕಲ್ಲಿ ಎಮರಿ ಕಾಗದದಿಂದ ಉಜ್ಜಿಸಿ. ಹಗ್ಗ ಡ್ರಮ್ಮಿನ ಕೆಳಬದಿಯಿಂದ ಹೊರಬರುವ ವಿಂಚ್‌ನಲ್ಲಿ ಅದನ್ನು ಮೇಲ್ಬದಿಯಿಂದ ಸುತ್ತಿದರೆ ಬ್ರೇಕ್ ಹಿಡಿಯುವುದಿಲ್ಲ. ಹಳೆಯದನ್ನು ಬಿಚ್ಚುವ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ. ಸುತ್ತುವಾಗ ಸಣ್ಣ ಏರಿನಲ್ಲಿ ಗಾಡಿಯ ಭಾರವನ್ನೇ ಎಳೆಸುತ್ತ ಬಿಗಿಯಾಗಿ ಸುತ್ತಿಸಿ, ಇಲ್ಲವಾದರೆ ಮೊದಲ ದೊಡ್ಡ ಎಳೆತಕ್ಕೇ ಮೇಲಿನ ಸುತ್ತು ಕೆಳಗಿನವುಗಳ ನಡುವೆ ಹೂತುಹೋಗುತ್ತದೆ. ಎಳೆಯುವಾಗ ಹತ್ತು ಸುತ್ತಾದರೂ ಡ್ರಮ್ಮಿನ ಮೇಲೆ ಉಳಿದಿರಬೇಕು.

ಸಿಂಥೆಟಿಕ್ ಹಗುರ, ಹರಿದರೂ ಏನೂ ಆಗದು ಎಂಬ ಧೈರ್ಯ ಬೇಡ. ಹುಕ್ಕು ಕಳಚಿದರೆ ಆ ಕಬ್ಬಿಣದ ತುಂಡು ಹಗ್ಗದ ಜೊತೆಗೇ ಹಾರಿಬರುತ್ತದೆ. ಎಳೆಯುವಾಗ ಹಗ್ಗದ ನಡುಭಾಗದ ಮೇಲೆ ಒಂದು ಒದ್ದೆ ಗೋಣಿಚೀಲ ಹಾಕಿ, ಹಗ್ಗದ ನೇರಕ್ಕೆ ಯಾರೂ ನಿಲ್ಲದಂತೆ ನೋಡಿಕೊಳ್ಳಿ. ಹಗ್ಗವನ್ನು ಕೈಗೆ ಸಿಕ್ಕಿದ ಸಿಲ್ವರ್ ಓಕ್‌ಗೆ ಸುತ್ತಿದರೆ ಅದಕ್ಕೆ ಹಬ್ಬಿರುವ ಕಾಳುಮೆಣಸಿನ ಬಳ್ಳಿಯೂ ಹೋಗುತ್ತದೆ, ಒರಟು ತೊಗಟೆಗೆ ಉಜ್ಜಿ ಹಗ್ಗವೂ ಹೋಗುತ್ತದೆ. ಬಳ್ಳಿಯಿಲ್ಲದ ದಪ್ಪ ಮರವನ್ನು ಆರಿಸಿ, ಅಗಲವಾದ ಬೆಲ್ಟ್ ಸುತ್ತಿ, ಹುಕ್ಕನ್ನು ಬೆಲ್ಟಿಗೆ ಹಾಕಬೇಕು. ಕೆಲಸ ಮುಗಿದ ಮೇಲೆ ಪೂರ್ತಿ ಬಿಚ್ಚಿ ನೀರಿನಲ್ಲಿ ತೊಳೆಯಿರಿ. ಎಳೆಗಳ ನಡುವೆ ಸೇರಿದ ಮರಳು ಒಳಗಿನಿಂದಲೇ ಹಗ್ಗವನ್ನು ತಿನ್ನುತ್ತದೆ.

ಕಲ್ಲುಬಂಡೆಗಳ ಮೇಲೆ ದಿನವೂ ದಿಮ್ಮಿ ಎಳೆಸುವವರು ಮಾತ್ರ ಸ್ಟೀಲಿನಲ್ಲೇ ಉಳಿಯುವುದು ಮೇಲು. ಕೆನಡಾ, ಮಿನ್ನೆಸೋಟಾ ಕಡೆ ಎಟಿವಿಯ ಮುಂದೆ ಹಲಗೆ ಕಟ್ಟಿ ಹಿಮ ತಳ್ಳುವ ನಮ್ಮವರು, ಹಲಗೆಯನ್ನು ಏರಿಸಿಳಿಸುವುದಕ್ಕೆ ಬೇರೆಯೇ ಒಂದು ಗಿಡ್ಡ ಪಟ್ಟಿ ಇಟ್ಟುಕೊಳ್ಳಲಿ. ಅಲ್ಲಿ ದಿನಕ್ಕೆ ನೂರಾರು ಬಾರಿ ಸವೆಯುವುದು ಹಗ್ಗದ ಅದೇ ಒಂದು ಗೇಣು.

ಖರ್ಚಿನ ಲೆಕ್ಕ ಹಾಕುವಾಗ ಹಗ್ಗ, ಫೇರ್‌ಲೀಡ್, ಹೊದಿಕೆ ಮೂರನ್ನೂ ಒಟ್ಟಿಗೇ ಸೇರಿಸಿಕೊಳ್ಳಿ. ಈ ವರ್ಷ ಅಷ್ಟು ಹಣ ಹೊಂದದಿದ್ದರೆ, ಹೆಸರು ವಿವರವಿಲ್ಲದ ಅಗ್ಗದ ಸಿಂಥೆಟಿಕ್‌ಗಿಂತ ಒಳ್ಳೆಯ ಹೊಸ ಸ್ಟೀಲ್ ಕೇಬಲನ್ನೇ ಹಾಕಿಸಿ, ಜೊತೆಗೆ ಅದನ್ನು ಹಿಡಿಯುವ ಪ್ರತಿಯೊಬ್ಬರಿಗೂ ದಪ್ಪ ಚರ್ಮದ ಗ್ಲೌಸ್ ಕೊಡಿಸಿ.