ಆ ಬಸ್ಸು ನಾನೇ

ಕಳೆದ ವಾರ ನನ್ನ ಬ್ಯಾಂಕಿನಿಂದ ಒಂದು ಮೆಸೇಜು ಬಂತು. ‘ಪ್ರಿಯ ಗ್ರಾಹಕರೇ, ಇನ್ನು ನಿಮ್ಮ ಎಲ್ಲ ಸೇವೆಗಳೂ ಒಂದೇ ಸೂರಿನಡಿ.’ ಅದೇ ದಿನ ಸಂಜೆ ಹಳೇ ಮನೆಯ ಓನರ್ ಫೋನ್ ಮಾಡಿದರು. ‘ನಿಮ್ಮ ಬ್ಯಾಂಕಿಂದ ಕಾಗದ ಬಂದಿದೆ, ತಗೊಂಡು ಹೋಗಿ.’ ಹೋಗಿ ಒಡೆದು ನೋಡಿದೆ. ನಿಮ್ಮ ವಿಳಾಸವನ್ನು ಯಶಸ್ವಿಯಾಗಿ ಬದಲಾಯಿಸಲಾಗಿದೆ ಎಂದು ಬರೆದಿತ್ತು.

ವಿಳಾಸ ಬದಲಾಯಿಸುವ ಕಥೆ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಉಳಿತಾಯ ಖಾತೆಗೆ ಒಂದು ಅರ್ಜಿ, ಗೃಹಸಾಲಕ್ಕೆ ಇನ್ನೊಂದು, ಕ್ರೆಡಿಟ್ ಕಾರ್ಡಿಗೆ ಮತ್ತೊಂದು. ಮೂರು ಕಡೆಯೂ ನನ್ನ ಹೆಸರು ಮೂರು ಥರ. ಒಂದು ಕಡೆ ಇನಿಶಿಯಲ್ ಮುಂದೆ, ಒಂದು ಕಡೆ ಹಿಂದೆ. ಸಾಲದ ವಿಭಾಗದಲ್ಲಂತೂ ನನ್ನ ಅಪ್ಪನ ಹೆಸರೇ ನನ್ನ ಹೆಸರು. ಆದರೆ ಕಂತಿನ ದುಡ್ಡು ಮಾತ್ರ ಪ್ರತಿ ತಿಂಗಳೂ ನನ್ನ ಖಾತೆಯಿಂದಲೇ ಹೋಗುತ್ತದೆ. ಅಲ್ಲಿ ಯಾವ ಗೊಂದಲವೂ ಇಲ್ಲ.

ಇಂಥದ್ದನ್ನೆಲ್ಲ ಸರಿಮಾಡಲೆಂದೇ ದೊಡ್ಡ ಸಂಸ್ಥೆಗಳಲ್ಲಿ ಒಬ್ಬರು ಇರುತ್ತಾರೆ. ಎಂಟರ್‌ಪ್ರೈಸ್ ಆರ್ಕಿಟೆಕ್ಟ್ ಅಂತ. ಕಟ್ಟಡದವರಲ್ಲ, ಸಂಸ್ಥೆಯ ಕಂಪ್ಯೂಟರ್ ವ್ಯವಸ್ಥೆಗಳೆಲ್ಲ ಒಂದಕ್ಕೊಂದು ಹೇಗೆ ಸೇರಬೇಕು ಎಂದು ನಕ್ಷೆ ಬರೆಯುವವರು. ನಮ್ಮ ಮನೆಯಲ್ಲೂ ಒಬ್ಬನಿದ್ದಾನೆ, ಅಕ್ಕನ ಮಗ. ಪಾಪ, ಯಾವ ಮದುವೆಗೆ ಹೋದರೂ ಜನ ಅವನನ್ನು ಮೂಲೆಗೆ ಎಳೆದು ‘ಈಶಾನ್ಯಕ್ಕೆ ಸಂಪು ಇಟ್ಟರೆ ಆಗುತ್ತಾ?’ ಎಂದು ಕೇಳುತ್ತಾರೆ. ಹೆಣ್ಣು ನೋಡಲು ಹೋದಾಗ ಹುಡುಗಿಯ ತಾತ ನೇರವಾಗಿಯೇ ಕೇಳಿದರು.

‘ಎಷ್ಟು ಕಟ್ಟಡ ಕಟ್ಟಿದ್ದೀಯಪ್ಪಾ?’

‘ಕಟ್ಟಲ್ಲ ತಾತ, ನಕ್ಷೆ ಮಾಡ್ತೀನಿ.’

‘ಸರಿ. ನಿನ್ನ ನಕ್ಷೆ ನೋಡಿಕೊಂಡು ಯಾರು ಕಟ್ಟಿದರು?’

ಸಂಬಂಧ ಕುದುರಲಿಲ್ಲ.

ಈ ವಿದ್ಯೆಗೆ ಒಂದು ಮೂಲಪುರುಷನೂ ಇದ್ದಾರೆ. ಐಬಿಎಂನಲ್ಲಿದ್ದ ಜಾನ್ ಜಾಕ್‌ಮನ್. 1987ರಲ್ಲಿ ಒಂದು ಲೇಖನ ಬರೆದು, ಇಡೀ ಸಂಸ್ಥೆಯನ್ನು ಒಂದು ಕೋಷ್ಟಕದಲ್ಲಿ ಹಿಡಿಯಬಹುದು ಎಂದರು. ಅದರಲ್ಲಿ ಮೂರೇ ಪ್ರಶ್ನೆ: ಏನು, ಹೇಗೆ, ಎಲ್ಲಿ. ಯಾರು, ಯಾವಾಗ, ಯಾಕೆ ಸೇರಿಕೊಂಡಿದ್ದು 1992ರಲ್ಲಿ. ಅಂದರೆ ‘ಯಾಕೆ’ ಎಂದು ಕೇಳಲು ಐದು ವರ್ಷ ಬೇಕಾಯಿತು. ನಮ್ಮಮ್ಮ ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಆರನ್ನೂ ಮುಗಿಸುತ್ತಿದ್ದಳು. ‘ಎಲ್ಲಿಗೆ? ಯಾರ ಜೊತೆ? ಏನ್ ಕೆಲಸ? ಹೇಗೆ ಹೋಗ್ತೀಯ? ಯಾವಾಗ ಬರ್ತೀಯ? ಈ ಹೊತ್ತಲ್ಲಿ ಯಾಕೆ?’ ಅವಳಿಗೆ ಸರ್ಟಿಫಿಕೇಟ್ ಇರಲಿಲ್ಲ ಅಷ್ಟೇ. ಅವಳ ಕೋಷ್ಟಕದಲ್ಲಿ ಒಂದು ಮನೆ ಖಾಲಿ ಉಳಿದರೂ ನಾನು ಹೊಸ್ತಿಲು ದಾಟುವ ಹಾಗಿರಲಿಲ್ಲ.

ಆಮೇಲೆ 1995ರಲ್ಲಿ ಟೋಗಾಫ್ ಬಂತು, ಇಂಥ ನಕ್ಷೆಯನ್ನು ಹಂತಹಂತವಾಗಿ ಮಾಡುವುದು ಹೇಗೆ ಎಂದು ಹೇಳುವ ಚೌಕಟ್ಟು. ಅಮೆರಿಕದ ರಕ್ಷಣಾ ಇಲಾಖೆ ಮಾಡಿಟ್ಟಿದ್ದ ಚೌಕಟ್ಟನ್ನು ಅಡಿಪಾಯ ಮಾಡಿಕೊಂಡು ಕಟ್ಟಿದ್ದು. 2022ರಲ್ಲಿ ಅದರ ಹತ್ತನೇ ಆವೃತ್ತಿ ಹೊರಬಂತು. ಅದರ ಮುಖ್ಯ ಚಿತ್ರ ನೋಡಿದವರಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ನಡುವೆ ಒಂದು ವೃತ್ತ, ಸುತ್ತಲೂ ಎಂಟು ವೃತ್ತ, ಎ ಇಂದ ಎಚ್ ತನಕ. ಎ ಅಂದರೆ ಕನಸು. ಎಚ್ ಅಂದರೆ ಬದಲಾವಣೆಯ ನಿರ್ವಹಣೆ. ಎಚ್ ಮುಗಿದ ಮೇಲೆ ಮತ್ತೆ ಎ. ಪಕ್ಕಾ ಪ್ರದಕ್ಷಿಣೆ. ಗರ್ಭಗುಡಿಯಲ್ಲಿ ಕೂತಿರುವ ದೇವರ ಹೆಸರು ರಿಕ್ವೈರ್‌ಮೆಂಟು, ಅಂದರೆ ಸಂಸ್ಥೆಗೆ ಬೇಕಾದ್ದೇನು ಎಂಬುದು. ‘ದರ್ಶನ ಆಯ್ತೇನೋ?’ ಎಂದು ಅಕ್ಕನ ಮಗನನ್ನು ಕೇಳಿದೆ. ‘ಇಲ್ಲ ಮಾವ, ಇನ್ನೂ ಬಿ ಹತ್ರ ಇದ್ದೀವಿ, ಅಷ್ಟರಲ್ಲಿ ಎಂಡಿ ಬದಲಾದರು’ ಎಂದ.

ಅವನ ಲ್ಯಾಪ್‌ಟಾಪಿನಲ್ಲಿ ಎರಡು ನಕ್ಷೆಗಳಿವೆ. ಒಂದು ಆಸ್-ಈಸ್, ಈಗ ಇರುವುದು. ನೋಡಿದರೆ ನಮ್ಮ ಬೀದಿಯ ಕಂಬದ ಮೇಲಿನ ಕೇಬಲ್ಲುಗಳ ನೆನಪಾಗುತ್ತದೆ. ಇನ್ನೊಂದು ಟು-ಬಿ, ಮುಂದೆ ಆಗಬೇಕಾದ್ದು. ಅದು ಯಾವತ್ತೂ ಮೂರು ವರ್ಷ ದೂರದಲ್ಲಿರುತ್ತದೆ. 2017ರಲ್ಲಿ ಶುರುವಾದ ಬೆಂಗಳೂರಿನ ಈಜೀಪುರ ಮೇಲ್ಸೇತುವೆಯ ಕಂಬಗಳು ವರ್ಷಗಟ್ಟಲೆ ಆಕಾಶ ನೋಡುತ್ತಾ ನಿಂತಿದ್ದವಲ್ಲ, ಅವೂ ಟು-ಬಿ ಅಂತ ಕಾಯುತ್ತಿದ್ದವು.

ಇದು ನಮ್ಮ ದರಿದ್ರ ಮಾತ್ರ ಎಂದುಕೊಳ್ಳಬೇಡಿ. ಪ್ರತಿ ಇಲಾಖೆಯ ಕಂಪ್ಯೂಟರ್ ವ್ಯವಸ್ಥೆಗೂ ಒಂದು ಆರ್ಕಿಟೆಕ್ಚರ್ ಇರಲೇಬೇಕು ಎಂದು ಅಮೆರಿಕ 1996ರಲ್ಲಿ ಕಾನೂನನ್ನೇ ಮಾಡಿತು. ಹದಿನೇಳು ವರ್ಷ ಕಳೆದು 2013ರ ಅಕ್ಟೋಬರ್ 1ರಂದು ಅದೇ ಸರ್ಕಾರ ಆರೋಗ್ಯ ವಿಮೆಯ ವೆಬ್‌ಸೈಟ್ ತೆರೆಯಿತು. ಮೊದಲ ದಿನ ಎಷ್ಟು ಜನ ವಿಮೆಗೆ ಸೇರಿದರು ಗೊತ್ತಾ? ಆರು. ನಮ್ಮ ಸರ್ಕಾರವೂ ಹಿಂದೆ ಬಿದ್ದಿಲ್ಲ. ಕೇಂದ್ರದ ಐಟಿ ಸಚಿವಾಲಯ 2018ರಲ್ಲಿ ಇಂಡ್‌ಇಎ, ಅಂದರೆ ಇಂಡಿಯಾ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಎಂಬ ಚೌಕಟ್ಟು ತಂದಿತು. ಅದರ ಮಂತ್ರ ‘ಒಂದೇ ಸರ್ಕಾರ’. ಓದಲು ಬಹಳ ಚೆನ್ನಾಗಿದೆ. ಓದುತ್ತಾ ಕ್ಯೂನಲ್ಲಿ ನಿಲ್ಲಬಹುದು.

ಒಂದು ಸಿಸ್ಟಮಿನಿಂದ ಇನ್ನೊಂದಕ್ಕೆ ಮಾಹಿತಿ ಹೇಗೆ ಹೋಗುತ್ತದೆ ಎಂದು ಅಕ್ಕನ ಮಗನನ್ನು ಕೇಳಿದೆ. ‘ಅದಕ್ಕೆ ಎಂಟರ್‌ಪ್ರೈಸ್ ಸರ್ವಿಸ್ ಬಸ್ ಅಂತ ಇರುತ್ತೆ ಮಾವ’ ಎಂದ.

‘ಯಾವ ರೂಟು?’ ಎಂದೆ. ನಗಲಿಲ್ಲ ಅವನು.

ನಾನು ತಮಾಷೆಗೆ ಕೇಳಿದ್ದಲ್ಲ. ಉಳಿತಾಯ ಖಾತೆಯ ಶಾಖೆಯಲ್ಲಿ ಸೀಲು ಹಾಕಿಸಿಕೊಂಡು, ಜೆರಾಕ್ಸ್ ತೆಗೆಸಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು, ಮೆಜೆಸ್ಟಿಕ್‌ನಲ್ಲಿ 335ಇ ಹತ್ತಿ, ಮಾರತ್ತಹಳ್ಳಿಯಲ್ಲಿ ಇಳಿದು ಸಾಲದ ಆಫೀಸಿಗೆ ಕೊಟ್ಟುಬಂದವನು ನಾನು. ಒಂದೇ ಬ್ಯಾಂಕಿನ ಎರಡು ಕಂಪ್ಯೂಟರುಗಳ ನಡುವೆ ಓಡಾಡಿದ ಬಸ್ಸು ನಾನೇ. ಟಿಕೆಟ್ಟೂ ನಂದೇ.

ನನ್ನ ಮುಂದೆ ಕ್ಯೂನಲ್ಲಿ ಒಬ್ಬ ಅಜ್ಜಿ ಇದ್ದರು. ಗಂಡ ಹೋಗಿದ್ದಾರೆ, ಪಿಂಚಣಿ ಅವರ ಹೆಸರಿಗೆ ಬರಬೇಕು. ಒಂದು ದಾಖಲೆಯಲ್ಲಿ ‘ಲಕ್ಷ್ಮಮ್ಮ’, ಇನ್ನೊಂದರಲ್ಲಿ ‘ಲಕ್ಷ್ಮಿ’. ನೀವಿಬ್ಬರೂ ಒಬ್ಬರೇ ಎಂದು ಅಫಿಡವಿಟ್ ತನ್ನಿ ಎಂದರು ಕೌಂಟರಿನವರು. ನಾಲ್ಕನೇ ಸಲ ಬಂದಿದ್ದರಂತೆ. ಅಲ್ಲಿ ನನಗೆ ನಗು ಬರಲಿಲ್ಲ. ಒಂದು ಹೆಸರನ್ನು ಒಂದೇ ಕಡೆ ಇಟ್ಟುಕೊಳ್ಳಲು ಇವರಿಗೆ ಆಗಲ್ಲ. ಆಗಲ್ಲ ಅಂತಲ್ಲ, ಬೇಕಿಲ್ಲ. ಸಾಲದ ವಿಭಾಗದ ಸಾಹೇಬರಿಗೆ ಅವರದೇ ಸಾಫ್ಟ್‌ವೇರು, ಕಾರ್ಡಿನ ಸಾಹೇಬರಿಗೆ ಅವರದೇ ಬಜೆಟ್ಟು. ಆರ್ಕಿಟೆಕ್ಟ್ ಬಂದು ಮೂರನ್ನೂ ಸೇರಿಸಿ ಎಂದರೆ ಮೂವರೂ ‘ವೆರಿ ಗುಡ್’ ಎನ್ನುತ್ತಾರೆ, ಕಾಫಿ ಕುಡಿಸಿ ಕಳಿಸುತ್ತಾರೆ. ಅವನಿಗೆ ನಕ್ಷೆ ಬರೆಯುವ ಅಧಿಕಾರ ಇದೆ, ಒಂದು ಗೋಡೆ ಒಡೆಸುವ ಅಧಿಕಾರ ಇಲ್ಲ. ಸೇರಿಸದೇ ಇದ್ದದ್ದರ ಖರ್ಚು ಅವರ ಯಾವ ಬಜೆಟ್ಟಿನಲ್ಲೂ ಕಾಣುವುದಿಲ್ಲ. ಅದನ್ನು ಅಜ್ಜಿ ಆಟೋದವರಿಗೆ ಕೊಟ್ಟಿರುತ್ತಾರೆ.

ಇನ್ನು ಭವಿಷ್ಯ. ಎಐ ಬಂತಲ್ಲ, ಈ ಆರ್ಕಿಟೆಕ್ಟ್‌ಗಳ ಕೆಲಸ ಹೋಗುತ್ತದೆ ಎಂದು ಕೆಲವರ ಚಿಂತೆ. ನನಗೆ ಹಾಗನ್ನಿಸುವುದಿಲ್ಲ. ಮೊದಲು ಮೂರು ತಿಂಗಳು ಕೂತು ಯಾರೂ ನೋಡದ ಒಂದು ನಕ್ಷೆ ಬರೆಯುತ್ತಿದ್ದರು. ಈಗ ಊಟದ ಹೊತ್ತಿಗೆ ಯಾರೂ ನೋಡದ ನಲವತ್ತು ನಕ್ಷೆ ರೆಡಿ. ಬಣ್ಣ ಮಾತ್ರ ಸೊಗಸಾಗಿ ಬರುತ್ತಿದೆಯಂತೆ.

ನಿನ್ನೆ ರಾತ್ರಿ ಅಕ್ಕನ ಮಗನ ಫೋನು. ಹೊಸ ಫ್ಲ್ಯಾಟಿಗೆ ಹೋಗಿದ್ದಾನೆ, ವಿಳಾಸ ಬದಲಾಯಿಸಬೇಕು, ನಾಳೆ ರಜೆ ಹಾಕಿದ್ದಾನೆ.

‘ಮಾವ, ಜೆರಾಕ್ಸ್ ಮೇಲೆ ಸಹಿ ಮಾಡಿರಬೇಕಾ?’

‘ಎಲ್ಲ ಪುಟಕ್ಕೂ ಮಾಡು. ಮೂರು ಸೆಟ್ ಇಟ್ಕೋ. ಗೋಂದು ತಗೊಂಡು ಹೋಗು, ಅಲ್ಲಿ ಇರಲ್ಲ’ ಎಂದೆ.