ಸತ್ಯಾಂಶ: ಮೆಮ್ರಿಸ್ಟರ್ ಚಿಪ್ ಮನುಷ್ಯನ ಮೆದುಳಲ್ಲ

ಮಳೆ ಹಿಡಿದು ಕರೆಂಟ್ ಹೋದ ಸಂಜೆ ನಮ್ಮ ತೀರ್ಥಹಳ್ಳಿ ಕಡೆ ಮೊಬೈಲ್ ನೋಡುವುದು ಜಾಸ್ತಿ. ಆಗ ಸುತ್ತುವ ಒಂದು ಹಳೇ ಫಾರ್ವರ್ಡ್ ಇದೆ: ಮೆಮ್ರಿಸ್ಟರ್ ಎಂಬ ಎಲೆಕ್ಟ್ರಾನಿಕ್ ಬಿಡಿಭಾಗ ಬಳಸಿ ಮನುಷ್ಯನ ಮೆದುಳನ್ನೇ ಚಿಪ್‌ನಲ್ಲಿ ಕಟ್ಟಿದ್ದಾರೆ, ಅದು ನಮ್ಮ ಹಾಗೇ ಯೋಚಿಸುತ್ತದೆ ಅಂತ.

ಇದು ನಿಜವಲ್ಲ. ಆದರೆ ಮೆಮ್ರಿಸ್ಟರ್ ಇರುವುದು ನಿಜ. ಹಾಗಾಗಿ ಗೊಂದಲ ಸಹಜ.

ಅಡಿಕೆ ತೋಟದ ಕಾಲುದಾರಿ ನೋಡಿ. ಓಡಾಡಿದಷ್ಟೂ ಹುಲ್ಲು ಸವೆದು ನಡಿಗೆ ಸಲೀಸಾಗುತ್ತದೆ. ಮೆಮ್ರಿಸ್ಟರ್ ಕೂಡ ಸುಮಾರಾಗಿ ಹೀಗೇ. ಎಷ್ಟು ಕರೆಂಟ್, ಯಾವ ದಿಕ್ಕಿಗೆ ಹರಿಯಿತು ಅನ್ನುವುದರ ಮೇಲೆ ಅದರ ತಡೆ, ಅಂದರೆ ಕರೆಂಟ್ ಹರಿಯಲು ಅದು ಒಡ್ಡುವ ಅಡ್ಡಿ, ಬದಲಾಗುತ್ತದೆ. ಕರೆಂಟ್ ಹೋದರೂ ಆ ತಡೆ ಹಾಗೇ ಉಳಿಯುತ್ತದೆ. 1971ರಲ್ಲಿ ಇದು ಬರೀ ಲೆಕ್ಕದ ಕಲ್ಪನೆ. 2008ರಲ್ಲಿ ಟೈಟಾನಿಯಂ ಡೈಆಕ್ಸೈಡ್‌ನ ತೆಳು ಪದರದಲ್ಲಿ ಅದನ್ನು ಮಾಡಿ ತೋರಿಸಿದ ವರದಿ ಬಂತು. ನರಕೋಶಗಳ ನಡುವಿನ ಕೊಂಡಿ ಬಳಕೆಯಿಂದ ಗಟ್ಟಿಯಾಗುತ್ತದಲ್ಲ, ಆ ಒಂದು ಗುಣವನ್ನು ಇದು ಅನುಕರಿಸುತ್ತದೆ. ಅಷ್ಟೇ. ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಕೊಂಡಿಗಳಂತೂ ಅದಕ್ಕಿಂತ ಎಷ್ಟೋ ಪಟ್ಟು.

ಕಳಿಸಿದವರು ನಿಮ್ಮ ಮಾವನೇ ಇರಬಹುದು, ಖುಷಿಯಿಂದಲೇ ಕಳಿಸಿರುತ್ತಾರೆ. ಸುಮ್ನೆ ವಾದ ಬೇಡ. ಫಾರ್ವರ್ಡ್ ಜೊತೆ ಫೋಟೋ ಇದ್ದರೆ ಅದನ್ನು ಇಮೇಜ್ ಸರ್ಚ್‌ಗೆ ಹಾಕಿ. ಹೊಳೆಯುವ ನೀಲಿ ಮೆದುಳು ಹೆಚ್ಚಾಗಿ ಯಾರೋ ಬಿಡಿಸಿದ ಚಿತ್ರ. ಆಮೇಲೆ ಮೂಲ ಸಂಶೋಧನೆಯ ಸಾರಾಂಶ ಹುಡುಕಿ, ಅದು ಸಾಮಾನ್ಯವಾಗಿ ಪುಕ್ಕಟೆ ಸಿಗುತ್ತದೆ. ಅಲ್ಲಿ ಹೆಚ್ಚಾಗಿ ‘ಮೆದುಳಿನಿಂದ ಪ್ರೇರಿತ’ ಎಂದಿರುತ್ತದೆ, ‘ಮೆದುಳು’ ಎಂದಲ್ಲ. ಚಿಪ್ ಮಾಡಿದ ಕೆಲಸ ಏನು ಅಂತಲೂ ನೋಡಿ. ಎಷ್ಟೋ ಸಲ ಅದು ಕೈಬರಹದ ಅಂಕಿ ಗುರುತಿಸುವುದು!